ರೊಟ್ಟಿ ಹಂಚಿಗೆ ಕಪ್ಪು ಬಂದದ್ದು

ಲೋಕ ಇನ್ನೂ ಹೊಸದಾಗಿದ್ದ ಕಾಲವದು. ಗಾಳಿ ಮಾತಾಡುತ್ತಿತ್ತು, ಮಳೆ ಮಾತಾಡುತ್ತಿತ್ತು, ಗುಡ್ಡಗಳಂತೂ ಬಾಯಿ ಮುಚ್ಚುತ್ತಲೇ ಇರಲಿಲ್ಲ. ಆಗ ಕಬ್ಬಿಣ ಕಪ್ಪಗಿರಲಿಲ್ಲ, ಬೆಳ್ಳಗೆ ಹೊಳೆಯುತ್ತಿತ್ತು.

ಹುಲಿಗೆವ್ವ ಎಂಬ ಹೆಂಗಸು ಕೆಂಪು ಗುಡ್ಡದ ಮಣ್ಣನ್ನು ಕುಲುಮೆಯಲ್ಲಿ ಕಾಸಿ, ಕಬ್ಬಿಣ ತೆಗೆದು, ಬಡಿದು ಬಡಿದು ಲೋಕದ ಮೊದಲ ರೊಟ್ಟಿ ಹಂಚು ಮಾಡಿದಳು. ಅವಳಿಗೆ ಆರು ಮಕ್ಕಳು. ಆರೂ ಹೊಟ್ಟೆಬಾಕಗಳು. ಹಂಚು ಮಾತ್ರ ಒಂದೇ.

ಆ ಹಂಚಿಗೆ ತನ್ನ ತವರು ಗುಡ್ಡ ಬಹಳ ನೆನಪಾಗುತ್ತಿತ್ತು. ಸಂಜೆಯಾದರೆ ಗಾಳಿ, ಮಳೆಗಾಲ ಬಂದರೆ ಮಳೆ, ಎರಡೂ ಆ ಕಡೆಯಿಂದಲೇ ಬರುತ್ತಿದ್ದವು.

“ನಿಮ್ಮವ್ವ ನಿನ್ನ ಭಾಳ ನೆನಸ್ತಾಳ. ಬರ್ತೀಯೇನು?” ಎನ್ನುತ್ತಿದ್ದವು.

ಹಂಚು ಇಷ್ಟಿಷ್ಟೇ ಕೆಂಪು ಪುಡಿಯಾಗಿ ಅವುಗಳ ಜೊತೆ ಹೊರಟುಬಿಡುತ್ತಿತ್ತು. ಪಾಪ, ತವರಿನ ಆಸೆ ಯಾರನ್ನು ಬಿಟ್ಟಿದೆ?

ದಿನದಿನಕ್ಕೆ ಹಂಚು ತೆಳ್ಳಗಾಯಿತು. ಇನ್ನೇನು ನಡುವೆ ತೂತು ಬೀಳಬೇಕು, ಹುಲಿಗೆವ್ವ ಅದನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು.

“ನೀ ಹ್ವಾದ್ರ ಈ ಮಕ್ಕಳಿಗೆ ಎದರ ಮ್ಯಾಲ ರೊಟ್ಟಿ ಸುಡ್ಲಿ?”

ಹೊಲದ ಅಂಚಿನ ಕುಸುಬೆ ಗಿಡಕ್ಕೆ ಇದು ಕೇಳಿಸಿತು. ಅದಕ್ಕೆ ಮೈತುಂಬ ಮುಳ್ಳು, ಮನಸ್ಸು ಮಾತ್ರ ಮೆತ್ತಗೆ.

“ನನ್ನ ಬೀಜದ ಎಣ್ಣಿ ಸವರು, ಹೊಗಿ ಏಳೂ ತನಕ ಕಾಸು. ಮತ್ತ ಸವರು, ಮತ್ತ ಕಾಸು. ಗಟ್ಟಿ ಕರಿ ಪದರಾಗಿ ಕುಂದರ್ತೀನಿ. ಮಳಿ ಮುಟ್ಟಂಗಿಲ್ಲ, ದಿನಾ ರೊಟ್ಟಿ ತಿರುವಿದ್ರೂ ಸವೆಯಂಗಿಲ್ಲ. ಆದ್ರ ಹಂಚೇ, ನಿನ್ನ ಹೊಳಪು ಹೋಗ್ತೈತಿ. ಗಾಳಿ ತಂದ ಮಾತೂ ನಿನಗ ಕೇಳಂಗಿಲ್ಲ.”

ಹೊಳಪು ಹೋದರೆ ಹೋಗಲಿ. ಅವ್ವನ ಮಾತು ಕೇಳದೆ ಇರುವುದು ಹೇಗೆ? ಹಂಚು ಗಾಳಿಯ ಕೈಯಲ್ಲಿ ಹೇಳಿ ಕಳಿಸಿತು, “ಏನ್ ಮಾಡ್ಲಿ ಅವ್ವಾ?”

ಮರುದಿನ ಗಾಳಿ ಗುಡ್ಡದ ಉತ್ತರ ತಂದಿತು.

“ಅವಸರ ಮಾಡಬ್ಯಾಡ ಮಗಳ. ನಾ ಗುಡ್ಡ, ಎಲ್ಲಿಗೂ ಹೋಗಂಗಿಲ್ಲ. ಆ ಮಕ್ಕಳಿಗೆ ಈಗ ಹಸಿವಾಗೈತಿ.”

ಹಂಚು ಸ್ವಲ್ಪ ಹೊತ್ತು ಅತ್ತಿತು. ಆಮೇಲೆ ತಾನೇ ಒಲೆ ಏರಿತು. ಹುಲಿಗೆವ್ವ ಸವರಿದಳು, ಕಾಸಿದಳು. ಮತ್ತೆ ಸವರಿದಳು, ಮತ್ತೆ ಕಾಸಿದಳು. ಹೊಗೆ ಎದ್ದಿತು, ಹೊಳಪು ಹೋಯಿತು, ಕಪ್ಪು ಗಟ್ಟಿಯಾಗಿ ಕುಳಿತಿತು. ಅಂದು ಆರು ಮಕ್ಕಳೂ ಹೊಟ್ಟೆತುಂಬ ಉಂಡರು. ಸಂಜೆ ಗಾಳಿ ಬಂದು ಏನೋ ಹೇಳಿತು. ಹಂಚಿಗೆ ಕೇಳಿಸಲಿಲ್ಲ.

ಅದಕ್ಕೇ ಕಂದಾ, ನಮ್ಮ ಅಡುಗೆಮನೆಯ ಹಂಚು ಇವತ್ತಿಗೂ ಕಪ್ಪಗಿದೆ. ಯಾರಾದರೂ ಆ ಕಪ್ಪನ್ನೆಲ್ಲ ತಿಕ್ಕಿ ತೆಗೆದು ಒದ್ದೆಯಾಗಿಯೇ ಬಿಟ್ಟರೆ, ಬೆಳಗಾಗುವಷ್ಟರಲ್ಲಿ ಮೈಮೇಲೆ ಕೆಂಪು ಕಾಣುತ್ತದಲ್ಲ, ಅದನ್ನು ತುಕ್ಕು ಎಂದು ಬೈಯಬೇಡ. ಹಂಚಿಗೆ ಅವ್ವನ ದನಿ ಕೇಳಿಸಿದೆ, ಅಷ್ಟೇ.