ಎರೆಭೂತ ಕೊಟ್ಟ ಸಂಚಕಾರ

ಎರಡು ಬೆರಳು ಕೊಟ್ಟು ಒಂದು ಆಕಾಶ ಉಳಿಸಿಕೊಳ್ಳುವುದು. ವ್ಯಾಪಾರ ಇಷ್ಟೇ. ಕೇಳಿದರೆ ಅಗ್ಗ ಅನ್ನಿಸುತ್ತದೆ. ಅಗ್ಗ ಅನ್ನಿಸಿದ ಮಾಲನ್ನು ತಿರುವಿ ಹಾಕಿ ನೋಡಬೇಕು, ಮಕ್ಕಳೇ. ಎರೆಭೂತ ನೋಡಲಿಲ್ಲ.

ಭೂಮಿಯ ಮೈ ಇನ್ನೂ ಆರಿರಲಿಲ್ಲ, ಆ ಕಾಲದ ಮಾತು. ಎಲ್ಲಿ ಕೂರಬೇಕೆಂದು ಬೆಟ್ಟಗಳು ಆಗಷ್ಟೇ ಗೊತ್ತುಮಾಡಿಕೊಂಡಿದ್ದವು. ಗಾಳಿಗೆ ಎಲ್ಲರ ಭಾಷೆಯೂ ಬರುತ್ತಿತ್ತು. ಕಪ್ಪು ಮಣ್ಣಿನ ಎರೆ ಬಯಲು ಕಣ್ಣು ಹೋದಷ್ಟು ದೂರ ಹುಲ್ಲು ಹೊದ್ದು ಮಲಗಿತ್ತು.

ಆ ಬಯಲಲ್ಲಿ ಎರೆಭೂತ ಎಂಬ ಹಕ್ಕಿ ಇತ್ತು. ಹೆಸರು ಕೇಳಿ ಹೆದರಬೇಡಿ. ಎತ್ತರದ ಕಾಲು, ಬಿಳಿ ಕತ್ತು, ತಲೆಯ ಮೇಲೆ ಕರಿ ಟೋಪಿ, ಆಡಿನ ಮರಿಯಷ್ಟು ತೂಕ. ಹಗಲೆಲ್ಲ ಹುಲ್ಲಿನಲ್ಲಿ ಮಿಡತೆ ಹೆಕ್ಕಿ ತಿನ್ನುತ್ತಿತ್ತು. ಹೊತ್ತು ಮುಳುಗಿದರೆ ಕರಿಜಾಲಿ ಮರ ಹತ್ತಿ ಮಲಗುತ್ತಿತ್ತು. ಆಗ ಅದರ ಒಂದೊಂದು ಕಾಲಿಗೂ ಮುಂದೆ ಮೂರು ಬೆರಳು, ಹಿಂದೆ ಒಂದು. ಹಿಂದಿನ ಬೆರಳು ಕೊಕ್ಕೆಯಂತೆ ಬಾಗಿ, ಕಲ್ಲಿನಂತೆ ಗಟ್ಟಿಯಾಗಿತ್ತು. ಅದರಿಂದಲೇ ಟೊಂಗೆಯನ್ನು ಹಿಡಿದು ಕೂರುತ್ತಿತ್ತು.

ಬಯಲಿನ ಒಂದು ಅಂಚಿಗೆ ಊರು, ಇನ್ನೊಂದು ಅಂಚಿಗೆ ಬೆಟ್ಟ. ಬೆಟ್ಟದಲ್ಲಿ ಮಿಂಚು ವಾಸವಾಗಿತ್ತು. ಊರಲ್ಲಿ ಬೆಳಕಿರಲಿಲ್ಲ. ಸೂಲಗಿತ್ತಿ ಲಕ್ಕವ್ವ ಕತ್ತಲಲ್ಲಿ ಕೈಯಿಂದ ತಡವಿ ತಡವಿ ಹೆರಿಗೆ ಮಾಡಿಸುತ್ತಿದ್ದಳು. ಒಂದು ಅಮಾವಾಸ್ಯೆಯಲ್ಲಿ ಬಾಣಂತಿಯ ನೆತ್ತರು ಹರಿದು ಹೋದದ್ದು ಅವಳಿಗೆ ಕಂಡದ್ದು ಬೆಳಗಾದ ಮೇಲೆ. ಊರಿಗೆ ಬೆಳಕು ಬೇಕಿತ್ತು. ಅದು ಸುಳ್ಳಲ್ಲ.

ಊರಿನ ಹಿರಿಯ ಕೆಂಚಪ್ಪ ಬೆಟ್ಟಕ್ಕೆ ಹೋಗಿ ಮಿಂಚನ್ನು ಕರೆದ.

"ಬರ್ತೀನಿ," ಎಂದಿತು ಮಿಂಚು. "ಆದ್ರ ನಡಕೊಂಡು ಬರಾಕ ನನಗ ಕಾಲಿಲ್ಲ. ಊರತನಕ ಒಂದು ಹಗ್ಗ ಎಳೀರಿ. ಮ್ಯಾಲ ಎಳದ್ರೂ ಸೈ, ನೆಲದಾಗ ಹೂತರೂ ಸೈ. ನನಗ ಎರಡೂ ಒಂದ."

ಗಾಳಿ ಈ ಮಾತನ್ನು ಎರೆಭೂತದ ಕಿವಿಗೆ ಹಾಕಿತು. ಎರೆಭೂತ ಓಡೋಡಿ ಬಂದಳು.

"ಕೆಂಚಪ್ಪಣ್ಣ, ಮ್ಯಾಲ ಎಳೀಬ್ಯಾಡ. ನನ್ನ ಕಣ್ಣು ತಲಿಯ ಎರಡೂ ಮಗ್ಗಲಿಗೆ ಅದಾವು. ಹಾರುವಾಗ ಎದುರಿಗಿರೋದು ಕಾಣೂದಿಲ್ಲ. ಮೈ ಭಾರ, ಗಕ್ಕನ ಹೊಳ್ಳಾಕ ಬರೂದಿಲ್ಲ. ನನ್ನ ಮರಿ ಹಾರಾಕ ಕಲಿಯೋದು ಇದ ಬಯಲಾಗ."

"ಹೂಳಬೇಕಂದ್ರ ಕಾಲುವಿ ಅಗೀಬೇಕು, ಎರೆವ್ವ. ಬ್ಯಾಸಗ್ಯಾಗ ಎರೆ ಅಂದ್ರ ಕಲ್ಲು, ಮಳಿಗಾಲದಾಗ ಅಂಟು. ನಮ್ಮ ಕಟಗಿ ಕೋಲು ಮುರದು ಹೋಗ್ತಾವು." ಕೆಂಚಪ್ಪನ ಕಣ್ಣು ಮೆಲ್ಲಗೆ ಅವಳ ಕಾಲಿಗೆ ಇಳಿಯಿತು. "ಅಂಥಾ ಕೊಕ್ಕಿ ನಮ್ಮ ಕೈಯಾಗಿದ್ರ ಮಾತು ಬ್ಯಾರೆ."

ವ್ಯಾಪಾರಕ್ಕೆ ಕೂತರು. ಓತಿಕ್ಯಾತ ದಲ್ಲಾಳಿಯಾಯಿತು. ಕೆಂಚಪ್ಪ ಹೆಗಲ ಮೇಲಿನ ವಲ್ಲಿ ತೆಗೆದು ಅವಳ ಕಾಲ ಮೇಲೆ ಹಾಸಿ, ಒಳಗೆ ಕೈಯಿಟ್ಟ. ದನದ ಸಂತೆಯಲ್ಲಿ ಇಂದಿಗೂ ಹಾಗೆಯೇ, ನೀವು ನೋಡಿರಬಹುದು. ಬಾಯಿ ಆಡುವುದಿಲ್ಲ, ಬಟ್ಟೆಯ ಕೆಳಗೆ ಬೆರಳು ಬೆರಳನ್ನು ಹಿಡಿದು ಬೆಲೆ ಹೇಳುತ್ತದೆ.

ಕೆಂಚಪ್ಪ ಎಲ್ಲ ಬೆರಳನ್ನೂ ಒಟ್ಟಿಗೆ ಹಿಡಿದ. ಎರೆಭೂತ ಕಾಲು ಎಳೆದುಕೊಂಡಳು. ಹಿಂದಿನ ಎರಡನ್ನು ಹಿಡಿದ. ಈ ಸಲ ಎಳೆದುಕೊಳ್ಳಲಿಲ್ಲ. ಒಂದು ಈಗಲೇ, ಸಂಚಕಾರವಾಗಿ. ಇನ್ನೊಂದು ಕೆಲಸದ ಕೊನೆಗೆ.

"ಅಗೀತೀರಲ್ಲಣ್ಣ?"

"ಅಗೀತೀವವ್ವ."

ಓತಿಕ್ಯಾತ ಹೌದೆಂದು ತಲೆ ಆಡಿಸಿತು.

"ಕಾಲು ಕೊಟ್ಟು ಮನಿ ಮರೀಬ್ಯಾಡ," ಎಂದಿತು ಕರಿಜಾಲಿ.

"ಇನ್ನ ಮ್ಯಾಲ ಬಯಲ ನನ್ನ ಮನಿ. ನಿನ್ನ ಮುಳ್ಳಾಗ ಮಲಗಿ ನನಗೂ ಸಾಕಾಗೈತಿ," ಎಂದಳು ಎರೆಭೂತ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ವಲ್ಲಿಯ ಕೆಳಗೆ ಬೆಲೆ ಮಾತಾಡುತ್ತದೆ, ಮಾಲು ಮಾತಾಡುವುದಿಲ್ಲ. ಸಂತೆಯಲ್ಲಿ ಎತ್ತು ಕಣ್ಣೆದುರಿಗೆ ನಿಂತಿರುತ್ತದೆ, ಅದಕ್ಕೆ ನಡೆಯುತ್ತದೆ. ಇನ್ನೂ ಅಗೆಯದ ಕಾಲುವೆಯನ್ನು ಎರೆಭೂತ ಹಲ್ಲು ಎಣಿಸದೆ ಕೊಂಡಳು.

ಊರವರು ಬೆಟ್ಟದ ಕಡೆಯಿಂದ ಕೆಲಸ ಹಿಡಿದರು. ಆ ಬೆರಳು ಗುದ್ದಲಿಯಾಯಿತು. ಎರೆಭೂತ ಬಯಲ ನಡುವೆ ಮೊಟ್ಟೆಗಳ ಮೇಲೆ ಕಾವಿಗೆ ಕೂತಿದ್ದಳು, ಎದ್ದು ಹೋಗಿ ನೋಡುವಂತಿರಲಿಲ್ಲ.

"ಏನ್ ನಡದೈತಿ ಅಲ್ಲಿ?" ಎಂದು ಗಾಳಿಯನ್ನು ಕೇಳಿದಳು.

"ಅಗ್ಯಾಕತ್ತಾರವ್ವ. ಮಣ್ಣು ಹಾರಾಕತ್ತೈತಿ," ಎಂದಿತು ಗಾಳಿ. ಗಾಳಿ ಸುಳ್ಳು ಹೇಳಲಿಲ್ಲ. ಮಣ್ಣು ಹಾರುತ್ತಿತ್ತು.

ಕೆಲವು ದಿನಕ್ಕೆ ಕೆಂಚಪ್ಪ ತಾನೇ ಬಂದ. "ಮೊದಲಿಂದು ಸವದು ಹೋತು, ಎರೆವ್ವ. ಕೆಲಸ ಮುಗೀಲಿಕ್ಕೆ ಬಂದೈತಿ. ಬಾಕಿದು ಕೊಟ್ಟುಬಿಡು."

"ಮುಗದ ಮ್ಯಾಲ ಅಂದಿದ್ದಿ."

"ಅದಿಲ್ಲದ ಮುಗಿಯೂದಿಲ್ಲ. ಬ್ಯಾಡಂದ್ರ ಬಿಡು. ಆದ್ರ ಮೊದಲಿಂದು ಪುಕ್ಕಟ ಹೋದಂಗ ಆಕ್ಕೈತಿ."

ಹೋದದ್ದು ವ್ಯರ್ಥವಾಗಬಾರದೆಂದು ಅವಳು ಇದ್ದದ್ದನ್ನೂ ಕೊಟ್ಟಳು. ಹೋದದ್ದರ ಹಿಂದೆ ಇದ್ದದ್ದನ್ನು ಅಟ್ಟಿದವರು ಯಾರೂ ಉದ್ಧಾರವಾದದ್ದನ್ನು ನಾನು ಕಂಡಿಲ್ಲ.

ಮೊಟ್ಟೆ ಒಡೆದು ಮರಿಗಳು ಬಂದವು, ಬೆಳೆದವು. ಅಷ್ಟರಲ್ಲಿ ಊರವರು ಒಂದೇ ಸಲಕ್ಕೆ ಕಂಬ ನಿಲ್ಲಿಸಿದರು. ಅವರು ಅಗೆದದ್ದು ಕಾಲುವೆಯಲ್ಲ, ಗುಂಡಿ. ಗುಂಡಿಗೊಂದು ಕಂಬ, ಕಂಬದಿಂದ ಕಂಬಕ್ಕೆ ಹಗ್ಗ. ಹಗ್ಗದ ಮೇಲೆ ಮಿಂಚು ಊರಿಗೆ ಹರಿದು ಹೋಯಿತು. ಅಂದು ರಾತ್ರಿ ಲಕ್ಕವ್ವ ಮೊದಲ ಸಲ, ಆಗ ತಾನೇ ಹುಟ್ಟಿದ ಕೂಸಿನ ಮುಖ ನೋಡಿ ಅತ್ತಳು.

ಬೆಳಗಾಯಿತು. ಮರಿಗಳು ಮೊದಲ ಸಲ ರೆಕ್ಕೆ ಬಿಚ್ಚಿ ಎದ್ದವು. ಕೆಳಗಿನ ಹುಲ್ಲು ಕಂಡಿತು, ಮಗ್ಗುಲ ಬೆಟ್ಟ ಕಂಡಿತು. ಎದುರಿನ ಹಗ್ಗ ಕಾಣಲಿಲ್ಲ.

ಸತ್ತು ಬಿದ್ದ ಮರಿಗಳನ್ನು ಲಕ್ಕವ್ವನೇ ಉಡಿಯಲ್ಲಿ ಹಾಕಿಕೊಂಡು ಊರ ಕಟ್ಟೆಗೆ ತಂದಳು. ಎರೆಭೂತ ಹಿಂದೆ ನಡೆದು ಬಂದಳು.

"ಮಾತು ಏನಿತ್ತಣ್ಣ?"

"ಅಗೀತೀವಿ ಅಂದಿದ್ವಿ. ಅಗದೀವಿ," ಎಂದ ಕೆಂಚಪ್ಪ, ಅವಳ ಮುಖ ನೋಡದೆ. "ಕಾಲುವಿ ಅಂದ್ರ ವರ್ಷದ ಕೆಲಸ. ಗುಂಡಿ ಲಗೂನ ಆದ್ವು. ಊರು ಅವಸರ ಮಾಡ್ತು."

"ಸಂಚಕಾರ ಇಸ್ಕೊಂಡು ಮಾತು ತಪ್ಪಿದವ ಎರಡರಷ್ಟು ತಿರುಗಿ ಕೊಡಬೇಕು."

"ತಪ್ಪಿದ್ರ ಕೊಡತಿದ್ವಿ."

ಎರೆಭೂತ ದಲ್ಲಾಳಿಯ ಕಡೆ ತಿರುಗಿದಳು. "ಕಾಲುವಿ ಅಂತ ಮಾತಾಗಿತ್ತಲ್ಲ?" ಓತಿಕ್ಯಾತ ಹೌದೆಂದು ತಲೆ ಆಡಿಸಿತು. "ಬರೇ ಅಗಿಯೋದು ಅಂತ ಅಲ್ಲೇನಪ?" ಎಂದ ಕೆಂಚಪ್ಪ. ಅದಕ್ಕೂ ಆಡಿಸಿತು.

"ಲಕ್ಕವ್ವ, ನೀನರ ಹೇಳು," ಎಂದಳು ಎರೆಭೂತ.

ಲಕ್ಕವ್ವ ಉಡಿ ನೋಡಿದಳು. "ಹಗ್ಗ ಬಿಚ್ರಿ ಅನ್ನಾಕ ಬಾಯಿ ಬರವಲ್ದು, ನನ್ನವ್ವ. ಇವತ್ತ ಇನ್ನೊಬ್ಬಾಕಿಗೆ ಬ್ಯಾನಿ ಎದ್ದಾವು." ಕೆಂಚಪ್ಪನ ಕಡೆ ತಿರುಗಿ ಹೇಳಿದಳು: "ಆದ್ರ ಒಂದು ವರ್ಷ ಕತ್ತಲಾಗ ತಡೀತಿದ್ನಿ. ನನ್ನ ಯಾರೂ ಕೇಳಲಿಲ್ಲ."

ಹಗ್ಗ ಯಾರೂ ಬಿಚ್ಚಲಿಲ್ಲ. ಹಗ್ಗವನ್ನು ನಾಳೆ ಹೂಳೋಣ ಅಂದರು. ನಾಳೆ ಅಗೆಯಲು ಬೆರಳು ಎಲ್ಲಿತ್ತು?

ಅಂದಿನಿಂದ 'ಸಂಚಕಾರ' ಎಂಬ ಮಾತಿಗೆ ಎರಡು ಅರ್ಥ. ವ್ಯಾಪಾರಕ್ಕೆ ಕೊಡುವ ಮುಂಗಡವೂ ಅದೇ, ಜೀವಕ್ಕೆ ಬರುವ ಕುತ್ತೂ ಅದೇ. ಅಂದಿನಿಂದ ಎರೆಭೂತದ ಕಾಲಿಗೆ ಮುಂದೆ ಮೂರೇ ಬೆರಳು, ಮರ ಹತ್ತಿ ಕೂರಲಾರದು. ಬರಿ ನೆಲದ ಮೇಲೆ ಒಂದೇ ಮೊಟ್ಟೆ ಇಡುತ್ತದೆ. ಮೋಸ ಹೋದ ಸಂತೆಗೆ ಯಾರೂ ಇದ್ದ ಮಾಲನ್ನೆಲ್ಲ ಹೊತ್ತು ಒಯ್ಯುವುದಿಲ್ಲ.

ಇಂದು ಸಂಜೆ ನೀವು ಸ್ವಿಚ್ ಒತ್ತಿದೊಡನೆ ದೀಪ ಹತ್ತುತ್ತದೆ, ತೊಟ್ಟಿಲಲ್ಲಿರುವ ತಮ್ಮನ ಮುಖ ಕಾಣುತ್ತದೆ. ಅದೇ ಹೊತ್ತಿಗೆ ಎರೆ ಬಯಲಲ್ಲಿ, ತಂತಿಯ ಕೆಳಗೆ, ಒಂದು ದೊಡ್ಡ ಹಕ್ಕಿ ರೆಕ್ಕೆ ಮಡಚಿಕೊಂಡು ತನ್ನ ಒಂದು ಮೊಟ್ಟೆಯ ಕಡೆಗೆ ನಡೆದೇ ಹೋಗುತ್ತಿರುತ್ತದೆ. ಲಾಭ ಇಷ್ಟು.