ಹೊಸ್ತಿಲಬಾವಿಗೆ ಆ ಹೆಸರು ಬಂದ ಬಗೆ

ಎರೆಸೀಮೆಯ ನಡುವೆ ಹಾದುಹೋಗಿರುವ ಹಳೆಯ ಹೆದ್ದಾರಿಯನ್ನು ಈಗ ಯಾರಾದರೂ ಬೆರಳು ಮಾಡಿ ತೋರಿಸದ ಹೊರತು ಗುರುತು ಹಿಡಿಯುವುದು ಕಷ್ಟ. ಹೊಲಗಳ ನಡುವೆ ತುಸು ತಗ್ಗಾಗಿ, ಎರಡೂ ಬದಿಗೆ ಜಾಲಿ ಬೆಳೆದುಕೊಂಡು, ಮೂರು ಬಂಡಿ ಜೊತೆಯಾಗಿ ಹೋಗುವಷ್ಟು ಅಗಲದ ಒಂದು ಪಟ್ಟಿ ಮಾತ್ರ ಉಳಿದಿದೆ. ಬೇಸಿಗೆಯಲ್ಲಿ ಇಲ್ಲಿ ನೆರಳೆಂಬುದಿಲ್ಲ. ಕರಿಮಣ್ಣು ಬಿರುಕುಬಿಟ್ಟು ಅಂಗೈ ತೂರುವಷ್ಟು ಬಾಯಿ ತೆರೆದಿರುತ್ತದೆ. ಕಣ್ಣು ಹಾಯುವ ತನಕ ಬಿಸಿಗಾಳಿ ಕುದಿಯುತ್ತಿರುತ್ತದೆ. ಈ ದಾರಿಗುಂಟ ಒಂದಾದ ಮೇಲೊಂದು ನಾಲ್ಕು ಹಾಳೂರುಗಳಿವೆ. ಕಂದಾಯದ ಕಾಗದಗಳಲ್ಲಿ ಅವಕ್ಕೆ ಬೇಚರಾಕ್ ಗ್ರಾಮ ಎನ್ನುತ್ತಾರೆ, ದೀಪ ಹಚ್ಚುವವರಿಲ್ಲದ ಊರು ಎಂದು ಅದರ ಅರ್ಥ. ಇಪ್ಪತ್ತೆಂಟು ವರ್ಷ ಈ ಭಾಗದ ಬಸ್ಸುಗಳಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತರಾದ ರಾಚಯ್ಯ ಸಾಲಿಮಠ ಅವರು ರವಿವಾರಕ್ಕೊಮ್ಮೆ ಹದಿನೈದಿಪ್ಪತ್ತು ಜನರನ್ನು ಟೆಂಪೋದಲ್ಲಿ ಕೂಡಿಸಿಕೊಂಡು ಈ ಊರುಗಳನ್ನು ತೋರಿಸುತ್ತಾರೆ. ಬೆಳಿಗ್ಗೆ ಏಳಕ್ಕೆ ಹೊರಟರೆ ಮಧ್ಯಾಹ್ನದ ಹೊತ್ತಿಗೆ ನಾಲ್ಕನೆಯ ಹಾಳೂರಾದ ಕೆಂಚಗೇರಿಗೆ ಬಂದಿರುತ್ತಾರೆ. ಅಲ್ಲಿ ಮಾಳಿಗೆ ಬಿದ್ದ ಮನೆಗಳ ಸಾಲಿನಲ್ಲಿ ನಡೆಯುವಾಗ ಯಾರಾದರೂ ಒಬ್ಬರು ನಿಂತು ಬಾಗಿಲುಗಳನ್ನು ದಿಟ್ಟಿಸುವುದು ವಾಡಿಕೆ. ಕಳೆದ ಸಲ ಹಾಗೆ ನಿಂತವರು ಒಬ್ಬ ನರ್ಸಮ್ಮ.

"ಕೆಲವು ಮನಿಗೆ ಹೊಸ್ತಿಲ ಅದ, ಕೆಲವಕ್ಕ ಬರೇ ತಗ್ಗು ಅದ. ಯಾರರೆ ಕದ್ದಾರೇನ್ರಿ?" ಎಂದು ಆಕೆ ಕೇಳಿದರು.

"ಕದ್ದಿಲ್ರಿ ಅಕ್ಕಾರ, ಒಯ್ದಾರ. ಎಲ್ಲಿಗೆ ಒಯ್ದಾರಂತ ತೋರಸ್ತೀನಿ, ಗಾಡಿ ಹತ್ರಿ" ಎಂದರು ರಾಚಯ್ಯ. ಅಲ್ಲಿಂದ ಎರಡು ಹರದಾರಿ ಮೂಡಲಿಗಿರುವ ಹೊಸ್ತಿಲಬಾವಿ ಎಂಬ ಊರಿಗೆ ಟೆಂಪೋ ತಲುಪುವಷ್ಟರಲ್ಲಿ ಅವರು ಹೇಳಿ ಮುಗಿಸುವ ಕಥೆ ಇದು.

ಹಿಂದೆ ಒಮ್ಮೆ, ಸುಲ್ತಾನರ ಆಳ್ವಿಕೆಯ ಕಾಲದಲ್ಲಿ, ಕೆಂಚಗೇರಿಯಲ್ಲಿ ಮುನ್ನೂರು ಮನೆಗಳಿದ್ದವು ಎನ್ನುತ್ತಾರೆ. ಪಡುವಣ ಬಂದರಿನಿಂದ ಮೂಡಣ ರಾಜಧಾನಿಗೆ ಹೋಗುವ ಹೇರೆತ್ತುಗಳ ಸಾಲು, ಬಂಡಿಗಳ ಸಾಲು ಈ ಊರಿನಲ್ಲಿ ತಂಗದೆ ಮುಂದೆ ಹೋಗುತ್ತಿರಲಿಲ್ಲ. ಎರೆನೆಲದಲ್ಲಿ ಕಲ್ಲು ಸಿಗುವುದಿಲ್ಲವಾದ್ದರಿಂದ ಮನೆಗಳೆಲ್ಲ ಮಣ್ಣಿನವೇ. ಆದರೆ ಹೊಸ್ತಿಲು ಮಾತ್ರ ಕಲ್ಲಿನದಿರಬೇಕು ಎಂಬುದು ಊರಿನ ಹಟ. ಬಂಡಿ ಕಟ್ಟಿಕೊಂಡು ಹೋದ ಗಂಡಸರು ದಕ್ಷಿಣದ ಗುಡ್ಡಗಳಿಂದ ಕಡೆದ ಕಲ್ಲು ಹೇರಿಕೊಂಡು ಬರುತ್ತಿದ್ದರು. ಹೊಸ್ತಿಲು ಕೂಡಿಸದ ಮನೆಗೆ ಹೆಣ್ಣು ಕೊಡುತ್ತಿರಲಿಲ್ಲ. ಅಂಥ ಊರಿನ ಅಗಸೆಬಾಗಿಲ ಹೊರಗೆ ಸಾತವ್ವ ಎಂಬ ಹೆಂಗಸು ಅರವಟ್ಟಿಗೆ ನಡೆಸುತ್ತಿದ್ದಳು. ಎತ್ತುಗಳಿಗೆ ಲಾಳ ಕಟ್ಟುತ್ತಿದ್ದ ಅವಳ ಗಂಡ ಚಳಿಜ್ವರದಲ್ಲಿ ತೀರಿಕೊಂಡ ಮೇಲೆ ಬಾವಿಯಿಂದ ನೀರು ಹೊತ್ತು ತಂದು ಹರವಿ ತುಂಬಿ, ದಾರಿಹೋಕರ ಬೊಗಸೆಗೆ ಎರೆಯುವುದೇ ಅವಳ ಬಾಳಾಯಿತು. ತಾನು ನಾಲ್ಕು ಹರದಾರಿಯಾಚೆ ಹೋದವಳಲ್ಲ; ಆದರೂ ಬಂಡಿಯವರ ಮಾತು ಕೇಳಿ ಕೇಳಿ ಕಡಲ ತನಕದ ದಾರಿ ಅವಳಿಗೆ ಬಾಯಿಪಾಠವಾಗಿತ್ತು.

ಎರಡು ವರ್ಷ ಮಳೆ ಕೈಕೊಟ್ಟಿತು. ಮೂರನೆಯ ವರ್ಷ ಊರಿನ ಬಾವಿಗಳ ನೀರು ಸವುಳಾಯಿತು. ಬೇಳೆ ಬೇಯಲೊಲ್ಲದು, ಕುಡಿದರೆ ದಾಹ ಹೆಚ್ಚುವುದು. ಸಾತವ್ವನ ತೊಟ್ಟಿಗೆ ಮೂತಿ ಇಟ್ಟ ಎತ್ತುಗಳು ಮೂಸಿ ನೋಡಿ ಮುಖ ತಿರುಗಿಸಿದವು. "ಬ್ಯಾಸರ ಮಾಡ್ಕೋಬ್ಯಾಡ ಸಾತವ್ವ, ಎತ್ತು ಒಲ್ಲೆ ಅಂತಾವ" ಎಂದು ಹೇಳಿ ಬಂಡಿಯವರು ಬಡಗಲ ಹೊಳೆದಂಡೆಯ ದಾರಿ ಹಿಡಿದರು. ದಾರಿ ಹೋದ ಹಿಂದೆಯೇ ಗಾಣದವರು ಹೋದರು, ಕಂಬಾರರು ಹೋದರು, ನೇಕಾರರ ಓಣಿ ಬರಿದಾಯಿತು. ಇಂದು ಒಂದು ಮನೆಗೆ ಬೀಗ, ನಾಳೆ ಎರಡಕ್ಕೆ. ಕೊನೆಗೆ ಅರವತ್ತಮೂರು ಮನೆ ಉಳಿದವು. ಉಳಿದವರಿಗೂ ಧೈರ್ಯವೇನೂ ಇರಲಿಲ್ಲ. ಹೋಗಲು ಜಾಗ ಗೊತ್ತಿರಲಿಲ್ಲ, ಅಷ್ಟೆ. ಖಾಲಿ ಹರವಿಯ ಪಕ್ಕದಲ್ಲಿ ಕುಳಿತ ಸಾತವ್ವನಿಗೆ ತನ್ನ ಕೈಗಳನ್ನು ಏನು ಮಾಡಬೇಕೆಂದೇ ತಿಳಿಯುತ್ತಿರಲಿಲ್ಲ.

ಹಾಗೆ ಕುಳಿತಿದ್ದಾಗ ಅವಳಿಗೆ ಮುದುಕ ಬಂಡಿಯವನೊಬ್ಬ ಹಿಂದೆಂದೋ ಆಡಿದ ಮಾತು ನೆನಪಾಯಿತು. ಮೂಡಲಿಗೆ ಎರಡು ಹರದಾರಿಯಲ್ಲಿ ಒಂದು ತಗ್ಗಿದೆ, ಚೈತ್ರದ ಬಿಸಿಲಿನಲ್ಲೂ ಅಲ್ಲಿ ಕರಿಕೆ ಹುಲ್ಲು ಹಸಿರಾಗಿರುತ್ತದೆ, ಎತ್ತುಗಳು ಬಾರುಕೋಲಿಗೂ ಬಗ್ಗದೆ ಅಲ್ಲಿ ನಿಂತು ನೆಲ ಮೂಸುತ್ತವೆ ಎಂದು ಅವನು ಹೇಳಿದ್ದ. ಮರುದಿನವೇ ಅವಳು ಬಾವಿ ತೋಡುವ ಒಡ್ಡರ ತಿರುಕಪ್ಪನನ್ನು ಕರೆದುಕೊಂಡು ಹೋದಳು. ತಿರುಕಪ್ಪ ಕರಿಕೆಯ ಬೇರು ಕಿತ್ತು ನೋಡಿದ, ಮಣ್ಣು ಹಿಸುಕಿ ನೋಡಿದ, ಗುದ್ದಲಿ ಊರಿದ. ಅವನ ಹೆಂಡತಿ ಮಾರವ್ವ, ಅವನ ತಮ್ಮಂದಿರು, ಊರಿನ ಕಸುವಿದ್ದವರೆಲ್ಲ ಕೈಹಚ್ಚಿ ಒಂದೂವರೆ ತಿಂಗಳು ಅಗೆದರು. ಮೂವತ್ತು ಮೊಳದ ಆಳದಲ್ಲಿ ನೀರು ಜಿನುಗಿತು. ತಿರುಕಪ್ಪ ತುಂಬಿಸಿ ಕಳಿಸಿದ ಮೊದಲ ತಂಬಿಗೆಯನ್ನು ಸಾತವ್ವನ ಕೈಗೇ ಕೊಟ್ಟರು. ಒಂದು ಗುಟುಕು ಕುಡಿದು ಅವಳು ಎಲ್ಲರ ಮುಖ ನೋಡಿದಳು. ನೀರು ಸಿಹಿಯಾಗಿತ್ತು.

ಆದರೆ ಎರೆಮಣ್ಣು ನಂಬುವಂಥದಲ್ಲ. ನೀರು ಕಂಡ ಮೂರನೆಯ ದಿನ ಬಾವಿಗೆ ಇಳಿಯುವ ಬದಿ ಜಾರಿ ಬಿದ್ದು ಮಾರವ್ವ ಕುತ್ತಿಗೆಯ ತನಕ ಹೂತುಹೋದಳು. ಗುದ್ದಲಿ ತಾಗೀತೆಂದು ಬರಿಗೈಯಿಂದ ಮಣ್ಣು ಬಗೆದು ಅವಳನ್ನು ಎಳೆದುಕೊಳ್ಳುವಷ್ಟರಲ್ಲಿ ಹೊತ್ತು ನೆತ್ತಿಗೇರಿತ್ತು. ಹೆಂಡತಿಯ ಮುಖದ ಮಣ್ಣು ಒರೆಸಿ ಅವಳು ಸರಾಗವಾಗಿ ಉಸಿರಾಡುವುದನ್ನು ಕಂಡ ಮೇಲೆ ತಿರುಕಪ್ಪ ಎದ್ದು ನಿಂತು ಹೇಳಿದ: "ಕಲ್ಲಿಲ್ದ ಇನ್ನೊಂದು ಬುಟ್ಟಿ ಮಣ್ಣು ತೆಗಿಯಂಗಿಲ್ಲ. ಆ ಮೂರು ಬದಿಗೆ ಅಗಸಿ ಗ್ವಾಡಿ ಚೂರುಗಲ್ಲು ಸಾಕು. ಇಳಿಯೋ ಬದಿಗೆ ಉದ್ದನ್ನ ಇಡಿಗಲ್ಲು ಬೇಕು. ರೋಹಿಣಿ ಮಳಿ ಬಂತಂದ್ರ ಎಲ್ಲಾ ಕೆಸರು."

ಮಳೆಗೆ ಇನ್ನು ಮೂರು ವಾರವೂ ಉಳಿದಿರಲಿಲ್ಲ. ಗುಡ್ಡಗಳು ಮೂರು ದಿನದ ದಾರಿ. ಊರಿನಲ್ಲಿ ಉಳಿದಿದ್ದ ಬಡಕಲು ಎತ್ತುಗಳು ಅಷ್ಟು ದೂರ ಹೋದರೆ ಜೀವಂತ ಮರಳುವಂತಿರಲಿಲ್ಲ. ಅಗಸೆಯ ಕಟ್ಟೆಯ ಮೇಲೆ ಜನ ಸೇರಿತು. ಬಿಟ್ಟುಹೋದ ಮನೆಗಳ ಹೊಸ್ತಿಲು ಕೀಳೋಣ ಎಂದು ಒಬ್ಬ ಅಂದ. ಊರ ಗೌಡ ಅಡಿವೆಪ್ಪಗೌಡ ಒಪ್ಪಲಿಲ್ಲ. "ಹೋದವರು ನಾಳೆ ಬಂದು ಕೇಳಿದ್ರ ಏನ್ ಹೇಳೂಣು? ಅವರ ಮನಿಗೆ ನಾವು ಕೈ ಹಚ್ಚಂಗಿಲ್ಲ" ಎಂದ. ಆಗ ಹಿಂದೆ ನಿಂತಿದ್ದ ಸಾತವ್ವ, "ಹಂಗಾರ ನಮ್ಮವು?" ಎಂದಳು.

ಆ ಮಾತಿಗೆ ಕಟ್ಟೆಯೇ ಎದ್ದು ನಿಂತಂತಾಯಿತು. ದಿನಾ ಅರಿಶಿನ ಹಚ್ಚಿ ಕೈಮುಗಿಯುವ ಕಲ್ಲು, ದಾಟುವಾಗ ಕೂಡ ಕಾಲು ತಾಗದಂತೆ ಎತ್ತಿ ಇಡುವ ಕಲ್ಲು. ಅದನ್ನು ಮೆಟ್ಟಿಲು ಮಾಡಿ ತುಳಿಯುವುದೇ? ಯಾರೂ ಬಾಯಿಬಿಟ್ಟು ಆಡದ ಇನ್ನೊಂದು ಸಂಕಟವೂ ಇತ್ತು. ಹೊಸ್ತಿಲು ಕಿತ್ತ ಮನೆ ಮನೆಯಲ್ಲ. ದಾರಿ ಎಂದಾದರೂ ಮರಳಿ ಬರುತ್ತದೆ, ಕೆಂಚಗೇರಿ ಮೊದಲಿನಂತಾಗುತ್ತದೆ ಎಂಬ ಆಸೆಯನ್ನು ಅಂದಿಗೇ ಕೈಬಿಟ್ಟಂತೆ. ಎಲ್ಲರಿಗಿಂತ ಕಟುವಾಗಿ ಬೈದವಳು ಗೌಡನ ತಾಯಿ ನೀಲಮ್ಮ. ಅವಳ ಕಿರಿಯ ಮಗ ಕರಿಗೌಡ ನಾಲ್ಕು ವರ್ಷದ ಹಿಂದೆ ಬಂಡಿಗಳ ಜೊತೆ ಬಂದರಿಗೆ ಹೋದವನು ತಿರುಗಿ ಬಂದಿರಲಿಲ್ಲ. "ನಿನಗ ಹಿಂದಿಲ್ಲ ಮುಂದಿಲ್ಲ, ಅದಕ್ಕ ಇಂಥಾ ಮಾತು ಬರ್ತಾವ" ಎಂದುಬಿಟ್ಟಳು.

ಸಾತವ್ವ ಮನೆಗೆ ಬಂದು ಹೊಸ್ತಿಲ ಮುಂದೆ ಕುಳಿತಳು. ಅವಳ ಗಂಡ ಮದುವೆಗೆ ಮುಂಚೆ ಆರು ದಿನ ಬಂಡಿ ಹೊಡೆದು ತಂದಿದ್ದ ಕಲ್ಲು ಅದು. ಅಕ್ಕಿ ತುಂಬಿದ ಸೇರು ಒದ್ದು ಒಳಗೆ ಬಂದ ದಿನ ಅದರ ತಂಪು ಅವಳ ಹಿಮ್ಮಡಿಗೆ ತಾಗಿತ್ತು. ಬಹಳ ಹೊತ್ತು ಅತ್ತಳು. ಬೆಳಗಾದೊಡನೆ ಹಾರೆ ತಂದು ಕಿತ್ತಳು. ಎರಡು ತೊಲೆಗಳ ಮೇಲೆ ಕಲ್ಲು ಬಿಗಿದು, ಇದ್ದೊಂದು ಎತ್ತಿಗೆ ಕಟ್ಟಿ, ತಾನೂ ಹೆಗಲು ಕೊಟ್ಟು ಎಳೆದುಕೊಂಡು ಹೋದಳು. ಮೆಟ್ಟಿಲು ಕೆಳಗಿನಿಂದ ಕೂಡಿಸುತ್ತಾ ಬರಬೇಕಾದ್ದರಿಂದ ತಿರುಕಪ್ಪ ಆ ಕಲ್ಲನ್ನು ತಳದಲ್ಲಿ, ನೀರಿನ ಅಂಚಿಗೆ, ಎರಡೂ ತುದಿ ಮಣ್ಣಿನೊಳಗೆ ಆಳವಾಗಿ ಹೊಗಿಸಿ ಕೂಡಿಸಿದ. ಆದರೆ ಅದರ ಮೇಲೆ ಕಾಲಿಡಲು ಅವನೂ ಒಪ್ಪಲಿಲ್ಲ. ಸಾತವ್ವ ಅರಿಶಿನ ಹಚ್ಚಿ, ನಮಸ್ಕಾರ ಮಾಡಿ, ಎರಡೂ ಪಾದ ಇಟ್ಟು ನಿಂತಳು. ಏನೂ ಆಗಲಿಲ್ಲ. ಬಗ್ಗಿ ಕೊಡ ತುಂಬಿಕೊಂಡು, ಎರಡು ಹರದಾರಿ ತಲೆಯ ಮೇಲೆ ಹೊತ್ತು, ನೆಟ್ಟಗೆ ನೀಲಮ್ಮನ ಮನೆಗೆ ಬಂದಳು.

"ಕಿತ್ತಿಯಂತಲ್ಲ" ಎಂದಳು ನೀಲಮ್ಮ, ಮುಖ ನೋಡದೆ.

"ಕಿತ್ತೇನ್ರಿ, ಅವ್ವಾರ."

"ತುಳಿದಿ?"

"ತುಳಿದೆ. ಇದು ಅಲ್ಲಿಂದ ತಂದ ನೀರು."

ಸಾತವ್ವ ಕೊಡದಿಂದ ತುಂಬಿಕೊಟ್ಟ ತಂಬಿಗೆಯನ್ನು ನೀಲಮ್ಮ ಎತ್ತಿ ಕುಡಿದಳು. ಊರಿನ ಬಾವಿಗಳು ಸವುಳಾದಂದಿನಿಂದ ಬಾಯಿಗೆ ಬೀಳದ ಸಿಹಿನೀರು. ಕುಡಿದು ಮುಗಿಸಿದರೂ ತಂಬಿಗೆ ಕೆಳಗಿಡಲಿಲ್ಲ. ಕೊನೆಗೆ, "ನನ್ನ ಮಗ ಬಂದ್ರ ಯಾವ ಮನಿ ಅಂತ ಹುಡುಕ್ಯಾನು?" ಎಂದಳು. ಬೈದಾಗಿನ ದನಿ ಅದಾಗಿರಲಿಲ್ಲ.

ಸಾತವ್ವ ಅವಳ ಹತ್ತಿರ ಕುಳಿತಳು. "ದಾರಿ ನಡದು ಬಂದಾವ ಮೊದಲ ಮನಿ ಕೇಳಂಗಿಲ್ರಿ ಅವ್ವಾರ, ನೀರು ಕೇಳ್ತಾನ. ಇಪ್ಪತ್ತು ವರ್ಷ ನೋಡೇನಿ."

ನೀಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹಂಗಾರ ನಂದು ಎಲ್ಲಾಕಿಂತ ಮ್ಯಾಲ ಇರ್ಲಿ. ಬಂದಾವಗ ಮೊದಲ ಅದ ಕಾಣಬೇಕು" ಎಂದು ಹಿರಿಯ ಮಗನನ್ನು ಕರೆದು ಹಾರೆ ತರಿಸಿದಳು.

ಗೌಡರ ಹೊಸ್ತಿಲು ಎದ್ದಿತೆಂಬ ಸುದ್ದಿ ಹಬ್ಬಿದ ಮೇಲೆ ಯಾರನ್ನೂ ಕೇಳಬೇಕಾಗಲಿಲ್ಲ. ಮನೆಮನೆಯಲ್ಲೂ ಹಾರೆಯ ಸದ್ದು. ಒಂಬತ್ತು ದಿನ ತೊಲೆಗಳು ಊರಿನಿಂದ ಬಾವಿಯ ತನಕದ ನೆಲ ಸವೆಸಿದವು. ಗೌಡನೂ ಹೊಲೆಯರ ಕೇರಿಯ ಹಿರಿಯನೂ ಒಂದೇ ಹಗ್ಗಕ್ಕೆ ಹೆಗಲು ಕೊಟ್ಟರು ಎನ್ನುತ್ತಾರೆ. ಯಾವ ಕೇರಿಯ ಕಲ್ಲು ಯಾವ ಮೆಟ್ಟಿಲಿಗೆ ಎಂದು ತಿರುಕಪ್ಪ ನೋಡಲಿಲ್ಲ, ಅಳತೆ ಹೊಂದಿದ್ದನ್ನು ಕೂಡಿಸುತ್ತಾ ಬಂದ. ಅರವತ್ತಮೂರನೆಯದಾಗಿ ನೀಲಮ್ಮನ ಹೊಸ್ತಿಲು ಮೇಲೆ ಕುಳಿತ ಎರಡು ದಿನಕ್ಕೆ ರೋಹಿಣಿ ಮಳೆ ಹಿಡಿಯಿತು. ಜನ ಬಾವಿಯ ಬಳಿ ಹೊಸದಾಗಿ ಹಾಕಿಕೊಂಡಿದ್ದ ಗುಡಿಸಲುಗಳಿಂದ ಹೊರಬಂದು ನೆನೆಯುತ್ತಲೇ ಬಾವಿಯ ಸುತ್ತ ನಿಂತು ನೋಡಿದರು. ನೀರು ಏರಿತು, ಮಣ್ಣಿನ ಒಂದು ಹೆಂಟೆಯೂ ಜಾರಲಿಲ್ಲ. ಮಾರವ್ವ ಮೊದಲು ನಕ್ಕಳು, ಆಮೇಲೆ ಎಲ್ಲರೂ.

ಊರಿಗೆ ಹೊಸ ಕೆಂಚಗೇರಿ ಎಂದು ಹೆಸರಿಡಬೇಕೆಂಬುದು ಗೌಡನ ಮನಸ್ಸಿನಲ್ಲಿತ್ತು. ಆದರೆ ಹೆಸರಿಟ್ಟವರು ಬೇರೆಯವರು. ಮುಂದಿನ ಬೇಸಿಗೆಯಲ್ಲಿ ಹೊಳೆ ಬತ್ತಿ ಬಡಗಲ ದಾರಿಯ ಬಂಡಿಯೊಂದು ಇತ್ತ ತಿರುಗಿತು. ಸಾತವ್ವನ ಹೊಸ ಅರವಟ್ಟಿಗೆಯ ತೊಟ್ಟಿಯಲ್ಲಿ ಎತ್ತುಗಳು ಮೂತಿ ಮುಳುಗಿಸಿ ಕುಡಿದವು. ಬಂಡಿಯವನು ಹೋಗಿ ಹತ್ತು ಜನಕ್ಕೆ ಹೇಳಿದ: "ಹೊಸ್ತಿಲಬಾವಿಗೆ ಹೋಗ್ರಿ, ನೀರು ಚಲೋ ಅದ." ಮೂರು ವರ್ಷದಲ್ಲಿ ಹೆದ್ದಾರಿಯೇ ಕೆಂಚಗೇರಿಯನ್ನು ಬಿಟ್ಟು ಈ ಬಾವಿಯ ಕಡೆಗೆ ಬಾಗಿತು, ಎಂದೋ ಊರು ಬಿಟ್ಟುಹೋಗಿದ್ದ ಕೆಲವರು ಅದೇ ದಾರಿಯಲ್ಲಿ ಮರಳಿ ಬಂದರು. ಕರಿಗೌಡ ಬಂದನೇ ಎಂದು ಕೇಳಿದರೆ ಮೇಲಿನ ಓಣಿಯವರು ಬಂದ ಎನ್ನುತ್ತಾರೆ, ಕೆಳಗಿನ ಓಣಿಯವರು ಬರಲಿಲ್ಲ ಎನ್ನುತ್ತಾರೆ. ನೀಲಮ್ಮ ಮಾತ್ರ ಬದುಕಿರುವ ತನಕ ಸಾತವ್ವನ ಜೊತೆ ಕುಳಿತು ಬಂದವರಿಗೆಲ್ಲ ಕೈಯಾರೆ ನೀರು ಎರೆದಳು ಎಂಬುದರಲ್ಲಿ ಎರಡು ಮಾತಿಲ್ಲ.

ಬಾವಿ ಈಗಲೂ ಇದೆ. ನಲ್ಲಿ ಬಂದಿದ್ದರೂ ಕುಡಿಯುವ ನೀರಿಗೆ ಊರಿನವರು ಇಲ್ಲಿಗೇ ಬರುತ್ತಾರೆ. ಒಂದು ಮೆಟ್ಟಿಲಿನಂತೆ ಇನ್ನೊಂದಿಲ್ಲ: ಒಂದರಲ್ಲಿ ಬಳ್ಳಿ ಕೆತ್ತಿದೆ, ಒಂದರಲ್ಲಿ ಕಮಲ, ಬಹಳಷ್ಟು ಬರಿ ಕಲ್ಲು, ತುದಿಗಳಲ್ಲಿ ಬಾಗಿಲು ತಿರುಗುತ್ತಿದ್ದ ಕುಳಿಗಳು ಕಾಣುತ್ತವೆ. ನೋಡಲು ಬಂದವರು ಚಪ್ಪಲಿ ಕಳಚಿ ಮೇಲಿನ ಮೆಟ್ಟಿಲ ಮುಂದೆ ಅಳುಕಿ ನಿಲ್ಲುತ್ತಾರೆ. ಆ ನರ್ಸಮ್ಮನೂ ನಿಂತರು. "ತುಳೀರಿ ಅಕ್ಕಾರ, ತುಳೀಲಿ ಅಂತನ ಕೊಟ್ಟಾರ" ಎಂದರು ರಾಚಯ್ಯ. ಆಕೆ ಸೀರೆ ಎತ್ತಿ ಹಿಡಿದು ಒಂದೊಂದಾಗಿ ಇಳಿದರು. ಸಾತವ್ವನ ಹೊಸ್ತಿಲು ಯಾವುದು ಎಂದು ಕೆಳಗಿನಿಂದ ಕೂಗಿ ಕೇಳಿದರು. ಅದು ತಳದ್ದು. ಇಷ್ಟು ಬರಗಾಲಗಳು ಬಂದು ಹೋದರೂ ಆ ರೋಹಿಣಿ ಮಳೆಯ ನಂತರ ಅದನ್ನು ಯಾರೂ ಕಂಡಿಲ್ಲ ಎನ್ನುತ್ತಾರೆ. ನೀರು ಅಷ್ಟು ಕೆಳಗೆ ಒಮ್ಮೆಯೂ ಇಳಿದಿಲ್ಲ.