ಹಾಲು ಕಾಯಿಸದ ತಾಮ್ರ

ಹೊಳೆದಂಡೆಯ ನಮ್ಮ ಆಶ್ರಮದ ಗುರುಗಳು ಪೂರ್ವಾಶ್ರಮದಲ್ಲಿ ಲೈನ್‌ಮನ್ ಆಗಿದ್ದರು. ಬೆಳಿಗ್ಗೆ ಧ್ಯಾನ, ಆಮೇಲೆ ವೈರಿಂಗ್ ಪಾಠ. ಇಂಥ ಗುರು ಸುತ್ತೇಳು ಹಳ್ಳಿಯಲ್ಲಿ ಇನ್ನೊಬ್ಬರಿರಲಿಲ್ಲ ಎಂಬುದು ಇವತ್ತಿಗೂ ನಮಗೆ ಹೆಮ್ಮೆ.

ಶಿಷ್ಯರು ನಾವು ಹನ್ನೆರಡು ಮಂದಿ. ಹನ್ನೊಂದು ಮಂದಿ ಗುರುಗಳು ಅಂದದ್ದಕ್ಕೆಲ್ಲ ಕೋಲೆಬಸವನ ಹಾಗೆ ತಲೆಯಾಡಿಸುತ್ತಿದ್ದೆವು. ಹನ್ನೆರಡನೆಯವಳು ನೀಲಗಂಗೆ. ಅವಳ ಬಾಯಲ್ಲಿ ಒಂದೇ ಮಾತು: "ಯಾಕೆ?"

ಒಂದು ಬೆಳಿಗ್ಗೆ ಹಿರಿಯ ಶಿಷ್ಯ ಷಡಕ್ಷರಿ ನಮ್ಮೆಲ್ಲರ ಪರವಾಗಿ ಕೈಮುಗಿದು ನಿಂತ.

"ಗುರುಗಳೇ, ನೀಲಗಂಗೆಯನ್ನ ಮನೆಗೆ ಕಳಿಸಿಬಿಡಿ. ಪ್ರತಿ ಮಾತಿಗೂ ತಡೆ ಒಡ್ತಾಳೆ. ಪಾಠ ಮುಂದಕ್ಕೇ ಹೋಗ್ತಿಲ್ಲ."

ನೀಲಗಂಗೆ ಕಂಬದ ಪಕ್ಕದಲ್ಲೇ ಇದ್ದಳು. ಎಲ್ಲ ಕೇಳಿಸಿತು. ಈ ಪಾಠಕ್ಕೋಸ್ಕರ ಮನೆಯವರ ಹತ್ತಿರ ಜಗಳವಾಡಿ ಬಂದವಳು. ಒಮ್ಮೆ ವಾಪಸು ಹೋದರೆ ಅವಳನ್ನು ಮತ್ತೆ ಬಿಡುವುದಿಲ್ಲವೆಂದು ನಮಗೂ ಗೊತ್ತಿತ್ತು.

ಗುರುಗಳು ಕೇಳಿದ್ದು ಬೇರೆ.

"ಕರೆಂಟ್ ಒಲೆಯ ಸುರುಳಿ ತುಂಡಾಗಿದೆ. ಹಾಲು ಕಾಯಬೇಕು. ಯಾವ ತಂತಿ ಹಾಕ್ತೀಯಪ್ಪಾ?"

"ತಾಮ್ರದ್ದು ಗುರುಗಳೇ. ಅದರಲ್ಲಿ ಕರೆಂಟಿಗೆ ತಡೆ ಕಮ್ಮಿ. ತಂತಿ ಅಂದ್ರೆ ತಾಮ್ರ ಅಂತ ನೀವೇ ಹೇಳಿದೀರಿ."

"ಹೇಳಿದ್ದು ನಿಜ."

"ಒಲೆಗೆ ಯಾಕೆ ತಾಮ್ರ?" ನೀಲಗಂಗೆಗೆ ಸುಮ್ಮನಿರಲು ಆಗಲಿಲ್ಲ.

"ನೋಡಿದಿರಾ ಗುರುಗಳೇ?" ಅಂದ ಷಡಕ್ಷರಿ.

ತಾಮ್ರದ ತಂತಿಯನ್ನು ಅವನೇ ಸುತ್ತಿ ಕೂರಿಸಿದ. ಗುರುಗಳು ನಮ್ಮನ್ನೆಲ್ಲ ನಾಲ್ಕು ಹೆಜ್ಜೆ ಹಿಂದೆ ನಿಲ್ಲಿಸಿ, ತಾವೇ ಸ್ವಿಚ್ ಒತ್ತಿದರು.

ಟಪ್ ಅಂತ ಫ್ಯೂಸ್ ಹೋಯಿತು. ಪಾತ್ರೆಯ ಹಾಲು ತಣ್ಣಗೇ ಇತ್ತು.

ನಾವೆಲ್ಲ ಗುರುಗಳ ಮುಖ ನೋಡಿದೆವು. ಗುರುಗಳು ನೀಲಗಂಗೆಯನ್ನು ನೋಡಿದರು.

"ಈಗ ನೀನೇ ಹೇಳವ್ವಾ. ಯಾಕೆ?"

ಅವಳು ಊಟದ ಮನೆಯ ಕಡೆ ಕೈ ತೋರಿಸಿದಳು.

"ನಿನ್ನೆ ಪಂಕ್ತಿಗೆ ನುಗ್ಗಿದ್ವಲ್ಲ ಗುರುಗಳೇ. ಅಂಗಳದಲ್ಲಿ ಆರಾಮಾಗಿ ನಡೆದ್ವಿ. ಬಾಗಿಲು ಕಿರಿದು, ಅಲ್ಲಿ ಮೈಗೆ ಮೈ ಉಜ್ಜಿ ಬೆವತು ಹೋದ್ವಿ. ಎರಡು ಕಡೆನೂ ನಡೆದಿದ್ದು ಅದೇ ಜನ. ಬೆವತಿದ್ದು ಮಾತ್ರ ಬಾಗಿಲಲ್ಲಿ. ಒಲೆಗೆ ಬೇಕಾಗಿದ್ದು ಆ ಬಾಗಿಲು. ಷಡಕ್ಷರಿಯಣ್ಣ ಬಾಗಿಲು ಕಿತ್ತು ಅಂಗಳ ಮಾಡಿಬಿಟ್ಟ."

"ಹಾಗಾದ್ರೆ ಫ್ಯೂಸ್ ಯಾಕೆ ಹೋಯ್ತು?"

"ತಡೆಯೋರೇ ಇಲ್ಲ ಅಂದ್ಮೇಲೆ ಎಲ್ಲಾ ಒಟ್ಟಿಗೆ ನುಗ್ಗಿದ್ರು. ದಾರೀಲಿ ಇನ್ನು ಕಿರಿದಾಗಿ ಉಳಿದಿದ್ದು ಫ್ಯೂಸಿನ ತಂತಿ ಒಂದೇ. ಪಾಪ, ಅದು ಸುಟ್ಟುಕೊಳ್ತು."

ಗುರುಗಳ ಕಣ್ಣು ತುಂಬಿತು. ಅವರ ಮುಖದಲ್ಲಿ ಅಂಥ ಹೆಮ್ಮೆಯನ್ನು ನಾವು ಹಿಂದೆಂದೂ ಕಂಡಿರಲಿಲ್ಲ.

"ಈ ಬಾಗಿಲಿನ ಮಾತು ನಾನು ಹೇಳಿಕೊಟ್ಟದ್ದಲ್ಲ ಕಣ್ರಪ್ಪಾ," ಎಂದು ನಮಗೆಲ್ಲ ಕೇಳುವಂತೆ ಹೇಳಿದರು. "ಅವಳದೇ."

ಷಡಕ್ಷರಿ ತಲೆ ತಗ್ಗಿಸಿದ. ಎಷ್ಟೆಂದರೂ ಒಳ್ಳೆಯವನು, ಮೈನ್ ಆಫ್ ಮಾಡಿ ಹೊಸ ಫ್ಯೂಸ್ ತಂತಿ ಕಟ್ಟಿದ. ಗುರುಗಳು ಡಬ್ಬಿಯಿಂದ ತಡೆ ಜಾಸ್ತಿ ಇರುವ ಒಲೆಯದೇ ಸುರುಳಿಯೊಂದನ್ನು ತೆಗೆದುಕೊಟ್ಟರು. ನೀಲಗಂಗೆ ಕೂರಿಸಿದಳು. ಮೈನ್ ಹಾಕಿ ಸ್ವಿಚ್ ಒತ್ತಿದಾಗ ಸುರುಳಿ ನಿಧಾನವಾಗಿ ಕೆಂಪಾಯಿತು.

ಆಗ ಅವಳು ಗುರುಗಳ ಕಾಲು ಮುಟ್ಟಿದಳು.

"ನಾಳೆಯಿಂದ ಬಾಯಿ ಬಿಡಲ್ಲ ಗುರುಗಳೇ. ಎಲ್ಲರ ಹಾಗೆ ಸುಮ್ಮನೆ ಕೇಳ್ತೀನಿ. ನನ್ನನ್ನ ಮನೆಗೆ ಮಾತ್ರ ಕಳಿಸಬೇಡಿ."

ಗುರುಗಳ ಮುಖ ಬಾಡಿತು. ಅವರು ಜೋಳಿಗೆಗೆ ಕೈ ಹಾಕಿ ತಮ್ಮ ಟೆಸ್ಟರ್ ತೆಗೆದರು. ಮೂವತ್ತು ವರ್ಷ ಜೇಬಲ್ಲಿಟ್ಟುಕೊಂಡು ಕಂಬ ಹತ್ತಿದ ಟೆಸ್ಟರ್ ಅದು. ನಾವು ಯಾರೂ ಮುಟ್ಟುವ ಹಾಗಿರಲಿಲ್ಲ. ಅದನ್ನು ಅವಳ ಅಂಗೈಯಲ್ಲಿಟ್ಟರು.

"ನಾಳೆಯಿಂದ ಪಾಠ ನೀನು ಮಾಡು."

"ಯಾಕೆ?" ಅಂದುಬಿಟ್ಟಳು ನೀಲಗಂಗೆ. ಅಂದವಳೇ ನಾಲಿಗೆ ಕಚ್ಚಿಕೊಂಡಳು.

ಗುರುಗಳು ಅವಳ ಕಡೆ ಕೈ ತೋರಿಸಿ ಗಟ್ಟಿಯಾಗಿ ನಕ್ಕರು.

"ಸದ್ಯ, ಈ ಸುರುಳಿ ತುಂಡಾಗಿಲ್ಲ. ಹಾಲು ಇಡ್ರಪ್ಪಾ."